ನಮ್ಮ ಕರುವಿಗೆ ನಡಿಗೆ ಕಲಿಸಿದವರಿಗೆ

ಎಲ್ಲರಿಗೂ ನಮಸ್ಕಾರ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರು ಹಿಡಿದುಕೊಂಡು ನಡೆಯಲಿ ಎಂದು ನಾವು ಮಾಡಿದ ರೋಬೋ ಕರುವಿನ ಮೊದಲ ಹಂತದ ಪರೀಕ್ಷೆ ಈ ವಾರ ಮುಗಿಯಿತು. ಮೈಸೂರಿನ ಕುವೆಂಪುನಗರದಲ್ಲಿರುವ ಹಗಲು ಆರೈಕೆ ಕೇಂದ್ರದಲ್ಲಿ ಅದರ ಜೊತೆ ನಡೆದವರು ಒಬ್ಬರೂ ಬೀಳಲಿಲ್ಲ. ಅದಕ್ಕಿಂತ ಜಾಸ್ತಿ ನಾವೇನು ಕೇಳೋಣ?

ಮೊದಲ ಧನ್ಯವಾದ ಅಲ್ಲಿನ ಅಜ್ಜಿ, ತಾತಂದಿರಿಗೆ. ಜಪಾನಿನ ತಕನೋರಿ ಶಿಬಾತ ಅವರ ಪಾರೋ ಎಂಬ ರೋಬೋ ಸೀಲ್ ಮರಿಯ ಬಗ್ಗೆ ನಮಗೆ ಗೊತ್ತಿತ್ತು. 2009ರಲ್ಲೇ ಅಮೆರಿಕ ಅದನ್ನು ವೈದ್ಯಕೀಯ ಸಾಧನ ಎಂದು ಒಪ್ಪಿದೆ. ಆದರೆ ಅದು ಮಡಿಲಲ್ಲಿ ಕೂರುವ ಮರಿ. ನಮಗೆ ಜೊತೆಯಲ್ಲಿ ನಡೆಯುವಂಥದ್ದು ಬೇಕಿತ್ತು. ಯಾವ ಪ್ರಾಣಿ ಆಗಲಿ ಎಂದು ಕೇಳಿದಾಗ ಮಂಡ್ಯ ಕಡೆಯ ಅಜ್ಜಿಯೊಬ್ಬರು, "ಹಳ್ಳಿಕಾರ್ ಕರು ಮಾಡ್ರಪ್ಪ" ಎಂದರು. ಎಷ್ಟು ಸರಿಯಾದ ಮಾತು! ಹೊಸ ನೆನಪು ನಿಲ್ಲದಿದ್ದರೂ ಕೈಗೆ ರೂಢಿಯಾದದ್ದು ಬಹಳ ಕಾಲ ಉಳಿಯುತ್ತದೆ. ಮಗನ ಹೆಸರಿಗೆ ತಡವರಿಸುವವರು ಕೂಡ ಕರುವಿನ ಗಂಗೆದೊಗಲನ್ನು ತಾವಾಗಿಯೇ ಕೆರೆದರು. ಅಲ್ಲಿ ಸೆನ್ಸರ್ ಕೂರಿಸಿದ್ದು ಅದನ್ನು ನೋಡಿದ ಮೇಲೆ.

ಫಿಸಿಯೋಥೆರಪಿ ಮೇಡಂ ನಮ್ಮ ಡ್ರಾಯಿಂಗ್ ಪಕ್ಕಕ್ಕಿಟ್ಟು ಒಬ್ಬೊಬ್ಬರನ್ನೂ ನಿಲ್ಲಿಸಿ ಅಳತೆ ತೆಗೆಸಿದರು. ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಷ್ಟು ಎತ್ತರಕ್ಕೆ ಕರುವಿನ ಹಿಡಿಕೆ. ಕರು ಮಗುಚದಂತೆ ಬ್ಯಾಟರಿ ತಳದಲ್ಲಿ. ಮೈಭಾರ ಒಮ್ಮೆಲೇ ಬಿದ್ದರೆ ಚಕ್ರಕ್ಕೆ ಬ್ರೇಕ್. ಕರು ಎಂದೂ ಎಳೆಯಬಾರದು, ಹಿಡಿದವರ ವೇಗವೇ ಅದರ ವೇಗ. ನಡೆಯುವಾಗ ಅದು ಸದ್ದು ಮಾಡಲೇಬಾರದು ಎಂದೂ ಹೇಳಿದರು. ಮಾತು, ನಡಿಗೆ ಎರಡೂ ಒಟ್ಟಿಗೆ ಬಂದರೆ ಇವರ ಗಮನ ಒಡೆಯುತ್ತದೆ, ಹೆಜ್ಜೆ ತಪ್ಪುತ್ತದೆ. ಹಾಗಾಗಿ ನಮ್ಮ ಕರು ನಿಂತ ಮೇಲೆಯೇ "ಅಂಬಾ" ಎನ್ನುವುದು.

ಆಯಾಗಳಿಗೆ ಹೇಗೆ ಧನ್ಯವಾದ ಹೇಳಲಿ? ಕಪ್ಪು ಮ್ಯಾಟ್ ಈ ಹಿರಿಯರ ಕಣ್ಣಿಗೆ ಗುಂಡಿಯಂತೆ ಕಾಣಬಹುದು, ಹೊಳೆಯುವ ಕೆಂಪು ರೆಡಾಕ್ಸೈಡ್ ನೆಲ ಒದ್ದೆಯಾದಂತೆ ಕಾಣಬಹುದು. ಯಾರು ಎಲ್ಲಿ ಗಕ್ಕನೆ ನಿಲ್ಲುತ್ತಾರೆ ಎಂದು ಅವರು ಜಾಗ ಜಾಗ ತೋರಿಸಿದರು. ಈಗ ಅಂಥ ಕಡೆ ಕರುವೂ ನಿಧಾನಿಸುತ್ತದೆ. ನನ್ನ ಲೆಕ್ಕದಲ್ಲಿ ಈ ಯಂತ್ರದ ಅರ್ಧ ಬುದ್ಧಿ ಅವರದ್ದೇ. ಕರು ಬಂತು, ಇನ್ನು ಆಯಾ ಬೇಡ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇನ್ನೊಂದು ಪಕ್ಕದಲ್ಲಿ ಮನುಷ್ಯರು ಇರಲೇಬೇಕು.

ಆಟೋ ಸೀಟು ಹೊಲಿಯುವ ಅಣ್ಣ ಒಗೆಯಲು ಬರುವ ಹೊದಿಕೆ ಹೊಲಿದರು. ಬೆರಳಿಗೆ ಸಿಗದಂತೆ ಜಿಪ್ಪನ್ನು ಹೊಟ್ಟೆಯ ಕೆಳಗೆ ಇಟ್ಟದ್ದು ಅವರ ಯೋಚನೆ.

ಮನೆಯವರು ನಂಬಿ ಕಳಿಸಿದರು, ಒಂದು ಮಾತೂ ಕೇಳಿದರು: ಇದು ನಿಜವಾದ ಕರು ಎಂದು ಅಪ್ಪ ಅಮ್ಮನಿಗೆ ಸುಳ್ಳು ಹೇಳಬೇಡಿ. ಹೇಳಲಿಲ್ಲ. ಕೇಳಿದವರಿಗೆಲ್ಲ ಮಿಷನ್ ಎಂದೇ ಹೇಳಿದೆವು. "ಗೊತ್ತು ಬಿಡಪ್ಪ, ಚೆನ್ನಾಗಿದೆ" ಎಂದ ತಾತ ಮರುದಿನವೂ ಅದರ ಜೊತೆಗೇ ನಡೆದರು.

ಹೊಸ್ತಿಲು ದಾಟುವುದು ಕರುವಿಗೆ ಇನ್ನೂ ಬಂದಿಲ್ಲ. ಅಗ್ರಹಾರದ ಹಳೇ ಮನೆಯವರು ಕೆಲವರು ಅಳತೆ ತೆಗೆದುಕೊಳ್ಳಲು ಕರೆದಿದ್ದಾರೆ. ಅವರಿಗೂ ಈಗಲೇ ಧನ್ಯವಾದ, ಮುಂದಿನ ವಾರ ಟೇಪು ಹಿಡಿದು ಬರುತ್ತೇವೆ.