ಪತ್ರಿಕಾ ಪ್ರಕಟಣೆ ತಲುಪಬೇಕಾದವರಿಗೆ ತಲುಪಲಿ

ಮಾನ್ಯರೇ,

ಜೇನುಪೆಟ್ಟಿಗೆಯ ಸುದ್ದಿಯನ್ನು ಕ್ರೀಡಾ ವರದಿಗಾರರಿಗೂ ಕಳಿಸುವ ಸಂಸ್ಥೆಗಳಿವೆ. ಸಿಕ್ಕಸಿಕ್ಕ ವಿಳಾಸಗಳಿಗೆಲ್ಲ ಒಂದೇ ಇಮೇಲ್ ಹೋದರೆ ಸ್ವೀಕರಿಸಿದವರು ಅದನ್ನು ಸ್ಪ್ಯಾಮ್ ಎಂದು ಗುರುತಿಸುತ್ತಾರೆ; ಮುಂದೆ ಅದೇ ವಿಳಾಸದಿಂದ ಬರುವ ಒಳ್ಳೆಯ ಸುದ್ದಿಯೂ ಅಲ್ಲಿಗೇ ಬೀಳುತ್ತದೆ. ಪ್ರಕಟಣೆಯ ವಿಷಯದ ಬಗ್ಗೆ ಇತ್ತೀಚಿನ 3 ತಿಂಗಳಲ್ಲಿ ನಿಜಕ್ಕೂ ಬರೆದಿರುವ 20–30 ಮಂದಿಯ ಪಟ್ಟಿ ಸಾಕು. ಪ್ರತಿ ಹೆಸರಿನ ಮುಂದೆ ಅವರ ಕೊನೆಯ ಲೇಖನ, ಪತ್ರಿಕೆಯ ಗಡುವು ಬರೆದಿಡಬೇಕು. ವರದಿಗಾರರು ವಿಭಾಗ ಬದಲಿಸುತ್ತಲೇ ಇರುತ್ತಾರೆ, ಹಾಗಾಗಿ ಹಳೆಯ ಪಟ್ಟಿಯನ್ನು ನೆಚ್ಚುವಂತಿಲ್ಲ. ಮಾಸಪತ್ರಿಕೆಗಳಿಗಂತೂ 2–3 ತಿಂಗಳು ಮೊದಲೇ ಕಳಿಸಬೇಕು.

ಇಮೇಲ್‌ನ ವಿಷಯದ ಸಾಲಿನಲ್ಲೇ (ಸಬ್ಜೆಕ್ಟ್) ಸುದ್ದಿ ಇರಲಿ. ‘ಪ್ರಕಟಣೆಯ ಕೃಪೆಗಾಗಿ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ಬರಹ ಇಮೇಲ್‌ನ ಒಳಗೇ, ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿರಬೇಕು. ಪಿಡಿಎಫ್‌ನಿಂದ ನಕಲು ಮಾಡಿದಾಗ ಎಷ್ಟೋ ಸಲ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಮತ್ತೆ ಟೈಪ್ ಮಾಡಲು ಉಪಸಂಪಾದಕರಿಗೆ ಪುರುಸೊತ್ತಿರುವುದಿಲ್ಲ. ಭಾರದ ಚಿತ್ರಗಳನ್ನು ಲಗತ್ತಿಸುವ ಬದಲು ಲಿಂಕ್ ಕೊಡಿ, ಜೊತೆಗೆ ಅಡಿಬರಹ. ಎಲ್ಲರ ವಿಳಾಸ ಎಲ್ಲರಿಗೂ ಕಾಣುವಂತೆ ಕಳಿಸಲೇಬಾರದು. ಪ್ರಶ್ನೆಗೆ ಅಂದೇ ಉತ್ತರಿಸಬಲ್ಲವರ ಮೊಬೈಲ್ ಸಂಖ್ಯೆ ಕಡ್ಡಾಯ. ಉತ್ತರ ಬರದಿದ್ದರೆ 2–3 ದಿನ ಬಿಟ್ಟು ಒಮ್ಮೆ ಮಾತ್ರ ನೆನಪಿಸಿ, ಅದೂ ಹೊಸ ಮಾಹಿತಿಯೊಂದನ್ನು ಸೇರಿಸಿ.