ಮನೆಯಲ್ಲಿ ಕಲಿಯುವವರಿಗೂ ಯೋಗಪಾಠ ಇರಲಿ

ಮಾನ್ಯರೇ,

ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನಾಚರಣೆಯ ಉತ್ಸಾಹದಲ್ಲಿ ಮನೆಯಲ್ಲೇ ಅಭ್ಯಾಸ ಆರಂಭಿಸಲು ಬಯಸುವವರಿಗೆ, ಅದರಲ್ಲೂ ನಡುವಯಸ್ಸು ದಾಟಿದವರಿಗೆ, ತಕ್ಕ ಕನ್ನಡ ಪಾಠ ಹುಡುಕಿಕೊಳ್ಳುವುದೇ ಕಷ್ಟವಾಗಿದೆ. ಮೊಬೈಲಿನಲ್ಲಿ ಕಾಣುವ ಎಷ್ಟೋ ವಿಡಿಯೊಗಳು ಶೀರ್ಷಾಸನ, ಚಕ್ರಾಸನಗಳ ಪ್ರದರ್ಶನದಂತಿವೆ. ಪಶ್ಚಿಮೋತ್ತಾನಾಸನದಲ್ಲಿ ಕೈ ಪಾದಕ್ಕೆ ಎಟುಕದಿದ್ದರೆ ಮೊಣಕಾಲನ್ನು ತುಸು ಮಡಿಸಬಹುದು, ವೃಕ್ಷಾಸನಕ್ಕೆ ಗೋಡೆಯ ಆಸರೆ ಪಡೆಯಬಹುದು, ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕುಳಿತೇ ಕುತ್ತಿಗೆ, ಭುಜಗಳನ್ನು ಸಡಿಲಿಸಿಕೊಳ್ಳಬಹುದು, ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿಯಬಾರದು ಎಂದು ಸಮಾಧಾನದಿಂದ, ನಗುನಗುತ್ತ ಹೇಳಿಕೊಡುವವರು ವಿರಳ. ಕಲಿಕೆ ಹಿತವೆನಿಸದಿದ್ದರೆ ಹೊಸಬರು ವಾರದೊಳಗೇ ಚಾಪೆ ಸುತ್ತಿಡುತ್ತಾರೆ.

ಆಯುಷ್ ಸಚಿವಾಲಯ ರೂಪಿಸಿರುವ ಸುಮಾರು 45 ನಿಮಿಷಗಳ ಸಾಮಾನ್ಯ ಅಭ್ಯಾಸಕ್ರಮದಲ್ಲಿ ತಾಡಾಸನ, ಭದ್ರಾಸನ, ಮಕರಾಸನ, ಶವಾಸನದಂತಹ ಸುಲಭ ಆಸನಗಳಿವೆ. ಇವನ್ನೇ ಹದಿನೈದು ನಿಮಿಷಗಳ ಕಂತುಗಳಾಗಿಸಿ, ಆಡುಮಾತಿನ ಕನ್ನಡದಲ್ಲಿ ದೂರದರ್ಶನದ ಚಂದನ ವಾಹಿನಿಯೂ ಆಕಾಶವಾಣಿಯೂ ಬೆಳಗಿನ ಹೊತ್ತು ಪ್ರಸಾರ ಮಾಡಬಹುದು. ಯೋಗ ಕಲಿಯಲೆಂದೇ ವಿದೇಶಿಯರು ಮೈಸೂರಿಗೆ ಬರುತ್ತಾರೆ. ನಮ್ಮೂರಿನ ಗೃಹಿಣಿಗೆ, ನಿವೃತ್ತರಿಗೆ ಮನೆಯಲ್ಲೇ ಅದು ದಕ್ಕುವಂತಾಗಲು ಸಂಬಂಧಪಟ್ಟವರು ಗಮನ ಹರಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು