ಲವ್‌ಲ್ಯಾಂಡ್ ಪಾರ್ಕಿನ ಆ ಹಿರಿಯರಿಗೆ

ಕೊಲೊರಾಡೊದ ಲವ್‌ಲ್ಯಾಂಡಿನಲ್ಲಿರುವ ಚಪುಂಗು ಶಿಲ್ಪ ಉದ್ಯಾನದಲ್ಲಿ ಜಿಂಬಾಬ್ವೆಯ ಕಲಾವಿದರು ಕೆತ್ತಿದ ಕಲ್ಲುಗಳೆಲ್ಲ ಬಯಲಲ್ಲೇ ನಿಂತಿವೆ. ಅಲ್ಲಿ ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತು ಮಾತಾಡಿಸಿದ ಹಿರಿಯರೇ, ನಿಮ್ಮ ಹೆಸರು ಕೇಳೋದೇ ಆಗಲಿಲ್ಲ. ಇದು ನಿಮಗೆ ತಲುಪೋದು ಅನುಮಾನ, ಆದರೂ ಬರೆಯುತ್ತಿದ್ದೇನೆ.

"ಬೇಲೂರಿನ ಹಾಗೆ ಬಳಪದ ಕಲ್ಲಾ?" ಅಂತ ಅಮ್ಮ ಕೇಳಿದರು. ನೀವು ಅವಸರ ಮಾಡಲಿಲ್ಲ. ಇದು ಸರ್ಪೆಂಟೈನ್, ಅದರಲ್ಲೇ ಗಟ್ಟಿ ಜಾತಿಯದು ಸ್ಪ್ರಿಂಗ್‌ಸ್ಟೋನ್ ಅಂದಿರಿ. ಉಳಿಯಿಂದ ಕೆತ್ತಿ, ನೀರು ಹಾಕಿ ಉಜ್ಜಿ, ಬೆಂಕಿಯಲ್ಲಿ ಕಾಯಿಸಿ ಮೇಣ ಸವರಿದರೆ ಈ ಕಪ್ಪು ಹೊಳಪು ಬರುತ್ತದೆ ಅಂತ ಕೈಯಲ್ಲೇ ಮಾಡಿ ತೋರಿಸಿದಿರಿ. ಒರಟು ಭಾಗವನ್ನು ಎಷ್ಟೋ ಸಲ ಬೇಕಂತಲೇ ಹಾಗೇ ಬಿಡುತ್ತಾರಂತೆ. ಅದು ನಮಗೆ ಹೊಳೆಯುತ್ತಲೇ ಇರಲಿಲ್ಲ, ಬಿಡಿ.

ಅಮ್ಮ ಈಗ ಊರಿನವರಿಗೆಲ್ಲ ಫೋನಿನಲ್ಲಿ ಇದನ್ನೇ ಹೇಳುತ್ತಿದ್ದಾರೆ. ತುಂಬಾ ಥ್ಯಾಂಕ್ಸ್.